ಆಪ್ತಸಮಾಲೋಚಕರು ಬಂದರೆ ಕಾರ್ಖಾನೆ ಸರಿಹೋಗುತ್ತದೆಯೇ?

ಕೆಲಸದ ಜಾಗದಲ್ಲಿ ಆಪ್ತಸಮಾಲೋಚನೆಯಿಂದ ಏನು ಪ್ರಯೋಜನ ಎಂದು ಕೇಳಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಿಂದ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ತಜ್ಞರ ಉತ್ತರ. ಬರೆದವರ ಗುರುತು ಸಿಗದಂತೆ ಹೆಸರು ಬಿಟ್ಟು, ವಿವರ ಬದಲಿಸಿ, ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನಮ್ಮದು ತೆಂಗಿನಕಾಯಿ ಪುಡಿ ಮಾಡುವ ಘಟಕ. ಚಿಪ್ಪು ಬಿಡಿಸುವವರು, ಸಿಪ್ಪೆ ಹೆರೆಯುವವರು, ಡ್ರೈಯರ್ ನೋಡಿಕೊಳ್ಳುವವರು ಎಲ್ಲ ಸೇರಿ ಅರವತ್ತು ಜನ, ಹೆಚ್ಚಿನವರು ಹೆಂಗಸರು. ಈಚೆಗೆ ಜನ ನಿಲ್ಲುತ್ತಲೇ ಇಲ್ಲ. ಬೆಂಗಳೂರಿನ ಕಂಪನಿಯಲ್ಲಿದ್ದು ಬಂದ ಮಗ ‘ತಿಂಗಳಿಗೊಮ್ಮೆ ಕೌನ್ಸೆಲರ್ ಕರೆಸೋಣ’ ಅನ್ನುತ್ತಾನೆ. ಹಾಕಿದ ದುಡ್ಡು ಹುಟ್ಟುತ್ತದೆಯೇ?
– ಘಟಕದ ಮಾಲೀಕರು, ತಿಪಟೂರು

ಉತ್ತರ: ಆಪ್ತಸಮಾಲೋಚನೆಯಿಂದ ಮನುಷ್ಯರ ಸಂಕಟ ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಆಧಾರವಿದೆ. ಅದರಿಂದ ಜನ ಕೆಲಸದಲ್ಲಿ ನಿಲ್ಲುತ್ತಾರೆ ಎನ್ನಲು ಅಷ್ಟು ಆಧಾರವಿಲ್ಲ. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರುವವರಿದ್ದಾರೆ, ನೋಡಿಕೊಂಡು ಕೊಳ್ಳಿ.

ಬ್ರಿಟನ್ನಿನ ಅಂಚೆ ಸಂಸ್ಥೆ 1980ರ ದಶಕದಲ್ಲಿ ತನ್ನ ನೌಕರರಿಗೆ ಈ ಸೇವೆ ಒದಗಿಸಿತು. ಸಂಶೋಧಕ ಕ್ಯಾರಿ ಕೂಪರ್ ಮತ್ತು ಸಂಗಡಿಗರು ಅದರ ಫಲವನ್ನು ಅಳೆದು ನೋಡಿದರು. ಆತಂಕ, ಖಿನ್ನತೆ ಇಳಿದಿದ್ದವು, ಕಾಯಿಲೆ ರಜೆಗಳೂ ಕಡಿಮೆಯಾಗಿದ್ದವು. ಕೆಲಸದ ಬಗೆಗಿನ ತೃಪ್ತಿ, ಸಂಸ್ಥೆಯ ಮೇಲಿನ ಅಭಿಮಾನ ಮಾತ್ರ ಇದ್ದಲ್ಲೇ ಇದ್ದವು. ಬಂದವರ ಮನಸ್ಸು ಹಗುರಾಯಿತು, ಅವರ ಕೆಲಸ ಹಾಗೆಯೇ ಉಳಿಯಿತು.

ಇದಕ್ಕಿಂತ ಹಳೆಯ ಪಾಠ ಅಮೆರಿಕದ್ದು. ಷಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1936ರಲ್ಲಿ ಆಪ್ತಸಮಾಲೋಚನೆ ಶುರುವಾಯಿತು. ಒಂದು ಹಂತದಲ್ಲಿ ಐವತ್ತಕ್ಕೂ ಹೆಚ್ಚು ಸಮಾಲೋಚಕರಿದ್ದರು. ಕಾರ್ಮಿಕರ ಮಾತು ಕೇಳುವುದಷ್ಟೇ ಅವರ ಕೆಲಸ. ಕೇಳಿದ್ದನ್ನು ಮೇಲಿನವರಿಗೆ ಹೇಳುವಂತಿರಲಿಲ್ಲ, ಏನನ್ನೂ ಬದಲಿಸುವ ಅಧಿಕಾರವೂ ಇರಲಿಲ್ಲ. 1956ರಲ್ಲಿ ಆ ಸಮಾಲೋಚನೆ ನಿಂತಿತು. ಈಚಿನದು ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಅವರ 2024ರ ಅಧ್ಯಯನ. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಹೋಲಿಸಿದಾಗ, ಒತ್ತಡ ನಿರ್ವಹಣೆ ತರಬೇತಿ, ಧ್ಯಾನದ ಆ್ಯಪ್‌ನಂಥವುಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ಚೆನ್ನಾಗೇನೂ ಇರಲಿಲ್ಲ. ಒಂದೇ ಹೊತ್ತಿನ ಚಿತ್ರ ಅದು, ಕಟ್ಟಕಡೆಯ ತೀರ್ಪಲ್ಲ. ಆದರೂ ಕಣ್ಣು ತೆರೆಸುವಂಥದ್ದು.

ನಿಮಗೆ ಹೆಚ್ಚು ಹತ್ತಿರದ್ದು ನಮ್ಮ ದೇಶದ ಸಿದ್ಧ ಉಡುಪಿನ ಕಂಪನಿ ಶಾಹಿ ಎಕ್ಸ್‌ಪೋರ್ಟ್ಸ್‌ನಲ್ಲಿ ಸಂಶೋಧಕ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ನಡೆಸಿದ ಪ್ರಯೋಗ. ಎಣಿಸಿದಷ್ಟು ಕೂಲಿ ಏರದೆ ಕಾರ್ಮಿಕರು ಬೇಸತ್ತಿದ್ದ ಹೊತ್ತು. ಚೀಟಿ ಎತ್ತಿದಂತೆ ಆರಿಸಿದ ಕೆಲವರಿಗೆ ಮಾತ್ರ ಕೆಲಸ, ಕೂಲಿ, ಮೇಲ್ವಿಚಾರಕರ ಬಗ್ಗೆ ಹೆಸರು ಹೇಳದೆ ಅಭಿಪ್ರಾಯ ತಿಳಿಸುವ ಅವಕಾಶ ಕೊಟ್ಟರು. ಮುಂದಿನ ತಿಂಗಳುಗಳಲ್ಲಿ ಅವರು ಕೆಲಸ ಬಿಡುವ ಸಾಧ್ಯತೆ ಉಳಿದವರಿಗಿಂತ ಶೇ 20ರಷ್ಟು ಕಡಿಮೆಯಿತ್ತು.

ಹಾಗಾಗಿ ಏಕೆ ಬಿಟ್ಟು ಹೋಗುತ್ತಾರೆ ಎಂದು ಮೊದಲು ನಿಮ್ಮ ಕಾರ್ಮಿಕರನ್ನೇ ಕೇಳಿ. ಕಾರಣ ಕೊಬ್ಬರಿಯ ಬೆಲೆಯಲ್ಲೂ ಇರಬಹುದು. 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 20,000 ರೂಪಾಯಿ ದಾಟಿತು. ಬೆಳೆಗಾರ ಕಾಯಿಯನ್ನು ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿಕೊಂಡರೆ ಪುಡಿ ಘಟಕಕ್ಕೆ ಕಾಯಿ ಬರುವುದಿಲ್ಲ. ಕಾಯಿ ಬಾರದ ದಿನ ಲೆಕ್ಕದ ಮೇಲೆ ಕೂಲಿ ಪಡೆಯುವ ಹೆಂಗಸಿಗೆ ದುಡಿಮೆ ಇಲ್ಲ. ಬೆಳಿಗ್ಗೆ ಗೇಟಿನ ತನಕ ಬಂದು ‘ಇವತ್ತು ಕೆಲಸ ಇಲ್ಲ’ ಅನ್ನಿಸಿಕೊಂಡು ಹಿಂದಿರುಗುವವರ ಬೇಸರಕ್ಕೆ ಯಾವ ಸಮಾಲೋಚಕರ ಬಳಿಯೂ ಔಷಧವಿಲ್ಲ. ವಾರದ ಕೆಲಸದ ದಿನಗಳನ್ನು ಮುಂಚೆಯೇ ಹೇಳಿ. ನಿಂತು ಕಾಲು ಬೀಗುವವರಿಗೆ ಕೂರಲು ಎತ್ತರದ ಮಣೆ, ಚಿಲಕ ಬೀಳುವ ಶೌಚಾಲಯ ಮಾಡಿಸಿ. ಇದಾದ ಮೇಲೂ ಅರವತ್ತು ಜನರಲ್ಲಿ ಕೆಲವರಿಗೆ ಮನೆಯ, ಮನಸ್ಸಿನ ಕಷ್ಟ ಇದ್ದೇ ಇರುತ್ತದೆ. ಸಮಾಲೋಚಕರು ಬೇಕಾಗುವುದು ಅವರಿಗೆ, ಆಗ ಹಾಕಿದ ದುಡ್ಡು ವ್ಯರ್ಥವಲ್ಲ.

ಪ್ರಶ್ನೆ: ನಮ್ಮ ಫ್ಯಾಕ್ಟರಿಗೆ ತಿಂಗಳಿಗೊಂದು ಸಲ ಒಬ್ಬ ಮೇಡಂ ಬರುತ್ತಾರೆ. ಆಫೀಸಿನ ಪಕ್ಕದ ರೂಮಿನಲ್ಲಿ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಸಂಘದ ಸಾಲ, ಫೈನಾನ್ಸ್ ಸಾಲ ಎರಡೂ ಸೇರಿ ಕುತ್ತಿಗೆಗೆ ಬಂದಿರುವುದನ್ನು ಅತ್ತು ಹೇಳಿಕೊಂಡೆ. ಎರಡು ದಿನಕ್ಕೆ ಸೂಪರ್‌ವೈಸರ್ ‘ಸಾಲ ಜಾಸ್ತಿ ಆಯ್ತಂತೆ’ ಅಂದರು. ಇನ್ನು ಬಾಯಿ ಬಿಡಬಾರದು ಅನ್ನಿಸಿದೆ.
– ಸಿಪ್ಪೆ ಹೆರೆಯುವ ಕೆಲಸದವರು, ತುರುವೇಕೆರೆ ತಾಲ್ಲೂಕು

ಉತ್ತರ: ಆ ಮೇಡಂ ಬಳಿ ಸದ್ಯಕ್ಕೆ ಬಾಯಿ ಬಿಡಬೇಡಿ ಎಂದೇ ನಾನೂ ಹೇಳುತ್ತೇನೆ. ಗುಟ್ಟು ನಿಲ್ಲದ ಕಡೆ ಆಪ್ತಸಮಾಲೋಚನೆಯೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಚಿಕಿತ್ಸೆ ಪಡೆಯುವವರ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸಿದೆ. ಜೀವಕ್ಕೆ ಅಪಾಯವಿದ್ದರೆ, ಬೇರೆಯವರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಕೇಳಿದರೆ ಎಂಬಂಥ ಕೆಲವೇ ವಿನಾಯಿತಿಗಳುಂಟು. ಸಾಲ ಆ ಪಟ್ಟಿಯಲ್ಲಿಲ್ಲ. ಸಂಬಳ ಕೊಡುವವರು ಮಾಲೀಕರೇ ಆದರೂ ಸಮಾಲೋಚಕರು ಅವರಿಗೆ ಒಪ್ಪಿಸಬಹುದಾದದ್ದು ‘ಈ ತಿಂಗಳು ಇಷ್ಟು ಜನ ಬಂದಿದ್ದರು’ ಎಂಬ ಲೆಕ್ಕವನ್ನು ಮಾತ್ರ.

ಮುಂದೆ ಯಾರೇ ಬರಲಿ, ಮೊದಲ ಭೇಟಿಯಲ್ಲೇ ಕೇಳಿ: ‘ನಾನು ಹೇಳಿದ್ದನ್ನು ನೀವು ಯಾರಿಗೆ ಹೇಳುತ್ತೀರಿ? ಎಲ್ಲಿ ಬರೆದಿಡುತ್ತೀರಿ? ಅದನ್ನು ಯಾರು ನೋಡಬಹುದು?’ ನೇರ ಉತ್ತರ ಬಾರದಿದ್ದರೆ ಹವಾಮಾನದ ಮಾತಾಡಿ ಎದ್ದು ಬನ್ನಿ. ಕೋಣೆ ಆಫೀಸಿನ ಪಕ್ಕದಲ್ಲಿರುವುದೂ ತಪ್ಪು. ಯಾರು ಒಳಗೆ ಹೋದರು, ಯಾರು ಕಣ್ಣೊರೆಸಿಕೊಂಡು ಬಂದರು ಎಂದು ಎಲ್ಲರಿಗೂ ಕಾಣುವ ಜಾಗಕ್ಕೆ ನಿಜವಾಗಿ ಕಷ್ಟದಲ್ಲಿರುವವರು ಬರುವುದಿಲ್ಲ.

ಸಾಲದ ವಿಷಯಕ್ಕೆ ಮಾತಿನ ಜೊತೆ ಕಾನೂನಿನ ನೆರವೂ ಬೇಕು. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಿರುಸಾಲದ ಕಾನೂನು ತಂದಿದೆ. ಮನೆ ಮುಂದೆ ಬಂದು ಕೂರುವುದು, ಬೆದರಿಸುವುದು ಈಗ ಅಪರಾಧ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಫೋನ್ 15100. ಅಳು ಬಂದಾಗ ಹೆಸರು ಹೇಳದೆ ಕನ್ನಡದಲ್ಲೇ ಮಾತಾಡಲು ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ.

ಪ್ರಶ್ನೆ: ಮೇಲ್ವಿಚಾರಕನೊಬ್ಬ ಕೆಟ್ಟದಾಗಿ ಮಾತಾಡುತ್ತಾನೆ, ಮೈ ಮುಟ್ಟುತ್ತಾನೆ. ಆಫೀಸಿಗೆ ಹೇಳಿದೆ. ‘ನಿನಗೆ ಟೆನ್ಷನ್ ಜಾಸ್ತಿ ಆಗಿದೆ, ಕೌನ್ಸೆಲಿಂಗ್ ತಗೋ’ ಅಂದರು. ಈಗ ನನಗೇ ಏನೋ ಆಗಿದೆಯಾ ಅನ್ನಿಸುತ್ತಿದೆ.
– ಪ್ಯಾಕಿಂಗ್ ವಿಭಾಗದವರು, ಚಿಕ್ಕನಾಯಕನಹಳ್ಳಿ ತಾಲ್ಲೂಕು

ಉತ್ತರ: ನಿಮಗೆ ಏನೂ ಆಗಿಲ್ಲ. ಆಗಿರುವುದು ಅಪರಾಧ, ಆಗಬೇಕಿರುವುದು ವಿಚಾರಣೆ. ದೂರನ್ನು ರೋಗವಾಗಿ ಮಾಡಿ ದೂರು ಕೊಟ್ಟವರನ್ನೇ ರೋಗಿಯಾಗಿಸುವುದು ಆಪ್ತಸಮಾಲೋಚನೆಯ ಅತಿ ಕೆಟ್ಟ ದುರುಪಯೋಗ. ಒಳ್ಳೆಯ ಸಮಾಲೋಚಕರು ಇಂಥ ಕಡೆ ‘ಇದು ನನ್ನ ಕೆಲಸವಲ್ಲ, ಸಮಿತಿಯ ಕೆಲಸ’ ಎಂದು ಹೇಳಬೇಕು.

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹೆಣ್ಣುಮಗಳೇ ಅಧ್ಯಕ್ಷೆ, ಹೊರಗಿನವರೊಬ್ಬರು ಸದಸ್ಯರು. ಸಮಿತಿ ಮಾಡದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಿ. ತಡವಾಗಲು ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಬರೆಯಲು ಬಾರದಿದ್ದರೆ ಸಮಿತಿಯವರೇ ಬರೆಸಲು ನೆರವಾಗಬೇಕು. ವಿಚಾರಣೆ ಮುಗಿಯುವವರೆಗೆ ನಿಮ್ಮನ್ನು ಅಥವಾ ಅವನನ್ನು ಬೇರೆ ಕಡೆಗೆ ಹಾಕಿ ಎಂದೂ, ರಜೆ ಬೇಕೆಂದೂ ಕೇಳಬಹುದು. ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ದಿನ, ಹೊತ್ತು, ಆಡಿದ ಮಾತು, ಪಕ್ಕದಲ್ಲಿ ಯಾರಿದ್ದರು ಎನ್ನುವುದನ್ನು ಇವತ್ತೇ ಬರೆದಿಡಿ. ಮಹಿಳಾ ಸಹಾಯವಾಣಿ 181 ದಾರಿ ತೋರಿಸುತ್ತದೆ.

ಇಷ್ಟರ ನಡುವೆ ನಿದ್ದೆ ಕೆಟ್ಟರೆ, ಎದೆ ಡವಗುಟ್ಟಿದರೆ ಆಪ್ತಸಮಾಲೋಚನೆ ಖಂಡಿತ ನೆರವಾಗುತ್ತದೆ. ಅದನ್ನು ದೂರಿನ ಜೊತೆಗೆ ತೆಗೆದುಕೊಳ್ಳಿ, ದೂರಿನ ಬದಲಿಗಲ್ಲ.

ಪ್ರಶ್ನೆ: ನನ್ನ ಹತ್ತಿರ ಕಾಯಿ ಸುಲಿಯುವ ಒಂದು ತಂಡವಿದೆ. ಎಲ್ಲರಿಗಿಂತ ಚುರುಕಾದವನು ಬಟವಾಡೆ ಆದ ದಿನದಿಂದ ಮೂರು ದಿನ ಕುಡಿದು ಬಿದ್ದಿರುತ್ತಾನೆ. ಮುಂಗಡ ಬೇರೆ ಕೊಟ್ಟಿದ್ದೇನೆ. ತೆಗೆದು ಹಾಕಲೋ, ಬುದ್ಧಿ ಹೇಳಿಸಲೋ?
– ಮೇಸ್ತ್ರಿ, ತಿಪಟೂರು ತಾಲ್ಲೂಕು

ಉತ್ತರ: ಬುದ್ಧಿ ಹೇಳಿಸಬೇಡಿ. ಅವನಿಗೆ ಹೆಂಡತಿ, ತಾಯಿ, ಊರಿನ ಹಿರಿಯರು ಈಗಾಗಲೇ ಬೇಕಾದಷ್ಟು ಹೇಳಿದ್ದಾರೆ. ಸಮಾಲೋಚಕರು ಮಾಡುವುದು ಬೇರೆ ಕೆಲಸ. ಎಷ್ಟು ಕುಡಿಯುತ್ತಾನೆ, ಯಾವಾಗ, ಯಾರ ಜೊತೆ, ಅದರಿಂದ ಅವನೇ ಕಳೆದುಕೊಂಡದ್ದೇನು ಎಂಬ ಲೆಕ್ಕವನ್ನು ಅವನ ಬಾಯಿಂದಲೇ ಹೊರಡಿಸಿ, ಬಿಡುವ ದಾರಿಯನ್ನು ಅವನಿಂದಲೇ ಕಟ್ಟಿಸುವುದು.

ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್, ಅಭಿಜಿತ್ ನಾಡಕರ್ಣಿ ಮೊದಲಾದವರು ಇದನ್ನು ಪರೀಕ್ಷಿಸಿದರು. ಸಮಾಲೋಚನೆ ನಡೆಸಿದವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಹೆಚ್ಚೆಂದರೆ ನಾಲ್ಕು ಭೇಟಿ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ಬಳಿಕ ಹಾನಿಕರ ಕುಡಿತದಿಂದ ಹೊರಬಂದವರು ನೂರಕ್ಕೆ 36. ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ 26. ಹೆಚ್ಚಳ ಹತ್ತು ಜನ. ಕಡಿಮೆ ಎನಿಸಬಹುದು, ಆದರೆ ಒಬ್ಬೊಬ್ಬರಿಗೆ ನಾಲ್ಕು ಮಾತುಕತೆಯಲ್ಲಿ ನೂರಕ್ಕೆ ಹತ್ತು ಸಂಸಾರ ಉಳಿದರೆ ಅಗ್ಗದ ವ್ಯಾಪಾರವೇ. ಉಳಿದ 64 ಜನರಿಗೆ ಅಷ್ಟು ಸಾಲಲಿಲ್ಲ ಎನ್ನುವುದನ್ನೂ ಮರೆಯಬೇಡಿ.

ಒಂದು ಎಚ್ಚರಿಕೆ. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವುದು, ಬೆವರುವುದು ಇದ್ದರೆ ಅದು ಅವಲಂಬನೆಯ ಹಂತ. ಅಂಥವನನ್ನು ಕೋಣೆಯಲ್ಲಿ ಕೂಡಿ ಏಕಾಏಕಿ ಬಿಡಿಸಬೇಡಿ. ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ. ಮೊದಲು ವೈದ್ಯರು, ಆಮೇಲೆ ಮಾತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಕರೆದೊಯ್ಯಿರಿ. ಬಿಟ್ಟ ಮೇಲೆ ಜೊತೆಗಾರರು ಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿರುವುದು ಇದಕ್ಕಾಗಿಯೇ.

ನೀವು ಮಾಡಬೇಕಾದ್ದೂ ಇದೆ. ಕುಡಿದ ದಿನ ಸುಲಿಯುವ ಮೊನೆಯ ಹತ್ತಿರ ಬಿಡಬೇಡಿ, ಇದರಲ್ಲಿ ದಾಕ್ಷಿಣ್ಯ ಬೇಡ. ‘ಚಿಕಿತ್ಸೆಗೆ ಹೋದರೆ ಕೆಲಸ ಉಳಿಯುತ್ತದೆ’ ಎಂದು ಬಾಯಿ ತುಂಬ ಹೇಳಿ, ಹಾಗೇ ನಡೆದುಕೊಳ್ಳಿ. ಅವನೊಪ್ಪಿದರೆ ಬಟವಾಡೆಯನ್ನು ಬ್ಯಾಂಕ್ ಖಾತೆಗೆ ಹಾಕಿ. ಮುಂಗಡದ ಮೇಲೆ ಮುಂಗಡ ಕೊಟ್ಟು ಅವನನ್ನು ಕಟ್ಟಿಹಾಕಿಕೊಂಡಿದ್ದರೆ, ಅವನ ಕುಡಿತದಲ್ಲಿ ನಿಮ್ಮ ಪಾಲೂ ಸ್ವಲ್ಪ ಇದೆ.

ಪ್ರಶ್ನೆ: ಜೊತೆಯಲ್ಲಿ ಮರ ಹತ್ತುತ್ತಿದ್ದವನು ಕಣ್ಣೆದುರೇ ಬಿದ್ದು ಸೊಂಟ ಮುರಿದುಕೊಂಡ. ಅವತ್ತಿಂದ ಅರ್ಧ ಮರ ಹತ್ತುವಷ್ಟರಲ್ಲಿ ನನಗೆ ಕಾಲು ನಡುಗುತ್ತದೆ. ತೋಟದವರು ನಗುತ್ತಾರೆ. ಮಾತಾಡಿದರೆ ಈ ಭಯ ಹೋಗುತ್ತದಾ?
– ಮರ ಹತ್ತುವವರು, ತುರುವೇಕೆರೆ ತಾಲ್ಲೂಕು

ಉತ್ತರ: ನಗುವವರನ್ನು ತಿಪಟೂರು ಎತ್ತರದ ತಳಿಯ ಹಳೇ ಮರವೊಂದರ ಬುಡಕ್ಕೆ ಕರೆದೊಯ್ದು ‘ನೀವೇ ಹತ್ತಿ’ ಅನ್ನಿ. ನಿಮ್ಮ ಕಾಲು ನಡುಗುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಪಾಯ ಕಂಡ ಮೈ ಅದನ್ನು ನೆನಪಿಟ್ಟುಕೊಂಡಿದೆ.

ಅಪಘಾತವಾದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಪದ್ಧತಿಯೊಂದಿತ್ತು. ಅದರಿಂದ ಉಪಯೋಗವಿಲ್ಲ, ಹಾಗೆ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಸಲಹೆ ಕೊಟ್ಟಿದೆ. ಹೇಳಿಕೊಳ್ಳಬೇಕು ಅನ್ನಿಸಿದಾಗ ಕೇಳುವವರಿರಬೇಕು, ಅನ್ನಿಸದಾಗ ಕೆದಕಬಾರದು. ಮೊದಲ ಕೆಲವು ವಾರಗಳ ನಡುಕ, ಕನಸು, ಬೆಚ್ಚಿಬೀಳುವುದು ಬಹಳ ಮಂದಿಗೆ ತಾನಾಗಿ ತಗ್ಗುತ್ತದೆ. ತಿಂಗಳು ಕಳೆದರೂ ಬಿದ್ದ ದೃಶ್ಯ ಕಣ್ಣೆದುರು ಬರುತ್ತಿದ್ದರೆ, ಆ ತೋಟದ ದಾರಿಯನ್ನೇ ತಪ್ಪಿಸುತ್ತಿದ್ದರೆ, ಆಗ ತರಬೇತಾದ ಮನಶ್ಶಾಸ್ತ್ರಜ್ಞರು ಬೇಕು. ಭಯಪಟ್ಟಿದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ವಿಧಾನ ಅವರಲ್ಲಿದೆ, ಅದು ಫಲ ಕೊಡುತ್ತದೆ.

ಅಲ್ಲಿಯವರೆಗೆ ನೆಲದಿಂದ ದೋಟಿಯಲ್ಲಿ ಕೀಳುವ ಕೆಲಸ ಕೇಳಿ. ಮತ್ತೆ ಹತ್ತುವಾಗ ಗಿಡ್ಡ ಮರದಿಂದ ಶುರುಮಾಡಿ, ಸೊಂಟಕ್ಕೆ ಸುರಕ್ಷಾ ಪಟ್ಟಿಯಿರುವ ಹತ್ತುವ ಸಾಧನ ಬಳಸಿ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗೆ ತರಬೇತಿ ಕೊಡುತ್ತದೆ, ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ಮಾಡಿಸುತ್ತದೆ. ಬಿದ್ದರೆ ಮನೆಯವರ ಗತಿಯೇನು ಎಂಬ ಚಿಂತೆಯೂ ನಿಮ್ಮ ಭಯದೊಳಗೆ ಸೇರಿಕೊಂಡಿದೆ. ಆ ಪಾಲನ್ನು ಇಳಿಸುವುದು ವಿಮೆಯ ಕಾಗದ, ಮಾತಲ್ಲ.

ಪ್ರಶ್ನೆ: ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. 2023ರಲ್ಲಿ ಬೆಲೆ ನೆಲಕಚ್ಚಿದಾಗ ರೈತರ ಬೈಗುಳವೆಲ್ಲ ಗುಮಾಸ್ತರ ಮೇಲೆ ಬಿತ್ತು. ಆಗ ಹೋದ ನಿದ್ದೆ, ಬೆಲೆ ಏರಿದ ಮೇಲೂ ಬರಲಿಲ್ಲ. ತುಮಕೂರಿನಲ್ಲಿ ಸಮಾಲೋಚಕರನ್ನು ಎರಡು ಸಲ ಕಂಡೆ. ಅವರು ಸುಮ್ಮನೆ ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಮತ್ತೆ ಹೋಗಬೇಕೇ?
– ಗುಮಾಸ್ತರು, ತಿಪಟೂರು

ಉತ್ತರ: ಇನ್ನೆರಡು ಸಲ ಹೋಗಿ, ಆದರೆ ಪ್ರಶ್ನೆ ಹಿಡಿದುಕೊಂಡು ಹೋಗಿ. ಮೊದಲ ಭೇಟಿಗಳು ಕೇಳುವುದರಲ್ಲೇ ಕಳೆಯುತ್ತವೆ, ಅದು ಸಹಜ. ನಾಲ್ಕನೆಯ ಭೇಟಿಯಷ್ಟೊತ್ತಿಗೆ ‘ನಾವು ಯಾವ ತೊಂದರೆಯ ಮೇಲೆ ಕೆಲಸ ಮಾಡುತ್ತಿದ್ದೇವೆ, ಹೇಗೆ, ಇನ್ನೆಷ್ಟು ಭೇಟಿ ಬೇಕು’ ಎನ್ನುವುದಕ್ಕೆ ಇಬ್ಬರಲ್ಲೂ ಉತ್ತರವಿರಬೇಕು. ಇಲ್ಲದಿದ್ದರೆ ಬೇರೆಯವರನ್ನು ಹುಡುಕಿ. ಗೋವಾದ ತಂಡವೇ ತೀವ್ರ ಖಿನ್ನತೆಗೆ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ ಆರರಿಂದ ಎಂಟು ಭೇಟಿ ಇಟ್ಟಿದ್ದರು. ಮೂರು ತಿಂಗಳಿಗೆ ಚೇತರಿಸಿಕೊಂಡವರು ನೂರಕ್ಕೆ 64, ಮಾಮೂಲಿ ಆರೈಕೆಯವರಲ್ಲಿ 39. ಅಲ್ಲಿ ಪ್ರತಿ ಭೇಟಿಗೂ ಮನೆಗೆಲಸ ಇರುತ್ತಿತ್ತು: ಬಿಟ್ಟುಬಿಟ್ಟ ಕೆಲಸಗಳಲ್ಲಿ ಒಂದನ್ನು ಮತ್ತೆ ಹಿಡಿಯುವುದು, ಎದುರಾದ ತೊಡಕನ್ನು ಬಿಡಿಸುವುದು. ಬರೀ ಕಿವಿಯಿಂದ ಆದ ಫಲವಲ್ಲ ಅದು.

ನಿದ್ದೆಗಂತೂ ನಿರ್ದಿಷ್ಟ ವಿಧಾನವೇ ಇದೆ. ನಿತ್ಯ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಹಾಸಿಗೆ ಬಿಟ್ಟು ಎದ್ದು ಕೂರುವುದು, ಹಗಲು ಮಲಗದಿರುವುದು, ಸಂಜೆಯ ಮೇಲೆ ಕಾಫಿ ಬಿಡುವುದು. ನಿಮ್ಮ ಸಮಾಲೋಚಕರಿಗೆ ಇದು ಗೊತ್ತೇ ಎಂದು ಕೇಳಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ.

ಇನ್ನು ಬೈಗುಳ. ಆ ವರ್ಷ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. ಬೆಲೆ ಗೊತ್ತುಮಾಡುವವರು ನೀವಲ್ಲ, ಅದನ್ನು ಬಾಯಿಬಿಟ್ಟು ಹೇಳಬೇಕಾದವರು ನೀವು. ಹರಾಜಿನ ದಿನ ಆ ಮಾತನ್ನು ಮಾಲೀಕರೇ ಎದುರು ನಿಂತು ಹೇಳಲಿ ಎಂದು ಕೇಳಿ. ನಿಮ್ಮ ಕಾಯಿಲೆಯ ಅರ್ಧ ಭಾಗ ಇರುವುದು ಆ ಏರ್ಪಾಟಿನಲ್ಲಿ.

ಪ್ರಶ್ನೆ: ಇಪ್ಪತ್ತು ಜನರ ನಾರಿನ ಘಟಕ ನಮ್ಮದು. ಸಮಾಲೋಚಕರನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲ. ಏನು ಮಾಡಬಹುದು?
– ಘಟಕ ನಡೆಸುವವರು, ಚಿಕ್ಕನಾಯಕನಹಳ್ಳಿ

ಉತ್ತರ: ಕಾರ್ಮಿಕರ ಕಷ್ಟಸುಖ ನೋಡುವ ಕಲ್ಯಾಣಾಧಿಕಾರಿಯನ್ನು 1948ರ ಕಾರ್ಖಾನೆಗಳ ಕಾಯ್ದೆ ಕಡ್ಡಾಯ ಮಾಡಿದ್ದು 500 ಕಾರ್ಮಿಕರಿರುವ ಕಡೆ, 2020ರ ಕಾರ್ಮಿಕ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ನಮ್ಮ ತೆಂಗಿನ ಸೀಮೆಯ ಸಣ್ಣ ಘಟಕಗಳು ಎರಡರ ಕೆಳಗೂ ಉಳಿದುಹೋಗುತ್ತವೆ. ಆದ್ದರಿಂದ ಇರುವ ಸರ್ಕಾರಿ ವ್ಯವಸ್ಥೆಯನ್ನೇ ಬಳಸಿಕೊಳ್ಳಬೇಕು.

ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹಾಜರಿ ಪುಸ್ತಕದ ಹತ್ತಿರವಲ್ಲ, ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ಅಲ್ಲಿ ಯಾರೂ ನೋಡದಂತೆ ಬರೆದುಕೊಳ್ಳಬಹುದು. ತಾಲ್ಲೂಕು ಆಸ್ಪತ್ರೆಗೆ ಹೋಗುವವರಿಗೆ ಅರ್ಧ ದಿನದ ಕೂಲಿ ಹಿಡಿಯಬೇಡಿ, ಏಕೆ ಹೋದೆ ಎಂದು ಕೇಳಬೇಡಿ. ಹತ್ತಕ್ಕಿಂತ ಹೆಚ್ಚು ಜನರಿರುವುದರಿಂದ ಇಎಸ್‌ಐ ನೋಂದಣಿ ಆಗಿದೆಯೇ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರು ಅದರೊಳಗೆ ಬರುತ್ತಾರೆ. ಕಾಯಿಲೆ ಬಿದ್ದಾಗ ನಿಯಮದಂತೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ತೀವ್ರ ಮನೋರೋಗಗಳು ದೀರ್ಘ ಕಾಯಿಲೆಗಳ ಪಟ್ಟಿಯಲ್ಲೂ ಇವೆ. ಕೊನೆಯದಾಗಿ, ನಿಮ್ಮ ಮೇಲ್ವಿಚಾರಕರಿಗೆ ಕೂಗಾಡದೆ ಕೆಲಸ ಹೇಳುವುದನ್ನು ಕಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೇಲ್ವಿಚಾರಕರ ತರಬೇತಿಗೂ ಕೆಲಸದ ಸ್ಥಿತಿ ಸುಧಾರಿಸುವುದಕ್ಕೂ ಜಾಗವಿದೆ. ಇಪ್ಪತ್ತು ಜನರ ಘಟಕದಲ್ಲಿ ಅಂಥ ಮೇಲ್ವಿಚಾರಕರು ಒಬ್ಬರೋ ಇಬ್ಬರೋ. ಬಹುಶಃ ಅವರಲ್ಲೊಬ್ಬರು ನೀವೇ.